ಗತಾನುಗತಿಕತೆ ಮತ್ತು ಸ್ವವಿವೇಕ

ಪಾಠ ಮುಗಿಸಿದ ಅಧ್ಯಾಪಕರು "ತಿಳಿಯಿತೇ?" ಎಂದು ಕೇಳಿದೊಡನೆ ಇಡೀ ತರಗತಿಯು "ತಿಳೀತ್ರೀ" ಎಂದು ಒಕ್ಕೊರಲಿನಿಂದ ನುಡಿಯುವುದು ಗುಂಜಹಳ್ಳಿಯಲ್ಲಿ ಮಾತ್ರವೇ ಅಲ್ಲ, ರಾಯಚೂರು ಸೀಮೆಯ ಯಾವ ಶಾಲೆಗೆ ಹೋದರೂ ಕೇಳಿಬರುವ ಧ್ವನಿ. ಆ ಧ್ವನಿಯಲ್ಲಿ ತಿಳಿದು ಹೇಳಿದವರೆಷ್ಟು, ಪಕ್ಕದವನು ಹೇಳಿದನೆಂದು ಹೇಳಿದವರೆಷ್ಟು ಎಂಬುದು ಪರೀಕ್ಷೆಯ ದಿನವೇ ಗೊತ್ತಾಗಬೇಕು. ಸಂಸ್ಕೃತದ ಲೌಕಿಕ ನ್ಯಾಯಗಳಲ್ಲಿ 'ಗಡ್ಡರಿಕಾಪ್ರವಾಹ'ವೆಂಬುದೊಂದುಂಟು. ಹಿಂಡಿನ ಮುಂದಿನ ಕುರಿ ಹಳ್ಳಕ್ಕೆ ಬಿದ್ದರೆ ಉಳಿದವೂ ಒಂದರ ಹಿಂದೊಂದು ಬೀಳುತ್ತವೆ. ಕುರಿಗಾರರನ್ನು ಕಂಡು ಬಲ್ಲ ಈ ನಾಡಿನವರಿಗೆ ಅದರ ವ್ಯಾಖ್ಯಾನ ಬೇಕಿಲ್ಲ. ಜನಪದರಾದರೋ "ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ" ಎಂದು ಬೇರೆ ದಾರಿ ಹಿಡಿದವನನ್ನೇ ಗೇಲಿ ಮಾಡಿದರು. ಊರ ದಾರಿಯೇ ತಪ್ಪಿದಾಗ ಪೋರನು ಏನು ಮಾಡಬೇಕೆಂಬುದನ್ನು ಆ ಗಾದೆಯು ಹೇಳುವುದಿಲ್ಲ.

ಅದನ್ನು ನಡೆದು ತೋರಿಸಿದ ಶರಣೆಯೊಬ್ಬಳು ಈ ಜಿಲ್ಲೆಯವಳೇ. ಆಯ್ದಕ್ಕಿ ಲಕ್ಕಮ್ಮ ಮತ್ತು ಅವಳ ಪತಿ ಮಾರಯ್ಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋಗಿ ನೆಲೆಸಿದ ಈ ದಂಪತಿಗಳ ಕಾಯಕವೆಂದರೆ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮ ದಾಸೋಹವನ್ನು ನಡೆಸುವುದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಬಸವಣ್ಣನವರೇ ಪರೀಕ್ಷಾರ್ಥವಾಗಿ ಹೆಚ್ಚು ಅಕ್ಕಿ ಚೆಲ್ಲಿಸಿದರೆಂದು ಹೇಳುವುದೂ ಉಂಟು. ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಆ ದಿನಕ್ಕೆ ಸಾಕಾದಷ್ಟನ್ನು ಉಳಿಸಿಕೊಂಡು, ಮಿಕ್ಕಿದ್ದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಪತಿಯನ್ನು ಹಿಂದಕ್ಕೆ ಕಳುಹಿಸಿದಳು.

ಕಥೆ ಚಿಕ್ಕದು, ಆದರೆ ಆ ಕ್ಷಣದಲ್ಲಿ ಲಕ್ಕಮ್ಮನಿಗೆ ಎದುರಾಗಿ ನಿಂತದ್ದು ಏನೇನೆಂಬುದನ್ನು ಎಣಿಸಬೇಕು. ಅಕ್ಕಿಯನ್ನು ತಂದವನು ಕೈಹಿಡಿದ ಪತಿ. ಬಿದ್ದ ಅಕ್ಕಿ ಮಹಾಮನೆಯದು, ಆ ಮನೆಯ ಒಡೆಯರು ಬಸವಣ್ಣನವರು. ಅಲ್ಲಿ ಕಳುವಿಲ್ಲ, ಕೇಳುವವರೂ ಇಲ್ಲ. ತಂದದ್ದಾದರೂ ದಾಸೋಹಕ್ಕಾಗಿ, ಸ್ವಂತಕ್ಕೆಂದಲ್ಲ. ಇಷ್ಟು ಸಮರ್ಥನೆಗಳಿರುವಾಗ ಸುಮ್ಮನಿರುವುದು ಎಷ್ಟು ಸುಲಭ! ಮಹಾಜನರ ಮಧ್ಯದಲ್ಲಿ ನಡೆದದ್ದೆಲ್ಲ ಸರಿಯೆಂದು ಕಾಣುವುದು ಮನುಷ್ಯಸ್ವಭಾವ. ಗಮನಿಸಬೇಕಾದ ಸಂಗತಿಯೆಂದರೆ, ಲಕ್ಕಮ್ಮ ಹೊಸ ಧರ್ಮವನ್ನೇನೂ ಸಾರಲಿಲ್ಲ. ಅಗತ್ಯಕ್ಕಿಂತ ಹೆಚ್ಚಿನ ಸಂಗ್ರಹ ಸಲ್ಲದೆಂಬುದು ಶರಣರೆಲ್ಲರ ಮಾತೇ ಆಗಿತ್ತು. ಎಲ್ಲರೂ ಆಡುವ ಮಾತನ್ನು ಒಬ್ಬಳು ಅಕ್ಷರಶಃ ನಂಬಿದಳು, ಅಷ್ಟೆ. ಸ್ವತಂತ್ರ ವಿಚಾರವೆಂದರೆ ಗುಂಪಿನಿಂದ ಹೊರನಡೆಯುವುದೆಂದು ಭಾವಿಸುವವರು ಇಲ್ಲಿ ತುಸು ನಿಂತು ನೋಡಬೇಕು. ಅವಳು ಕಲ್ಯಾಣವನ್ನು ಬಿಡಲಿಲ್ಲ, ಕಾಯಕವನ್ನು ಬಿಡಲಿಲ್ಲ, ಪತಿಯನ್ನೂ ಬಿಡಲಿಲ್ಲ. ತನ್ನ ವಚನಗಳ ಅಂಕಿತದಲ್ಲಿ ಊರ ದೈವದೊಡನೆ ಅವನ ಹೆಸರನ್ನೂ ಇರಿಸಿಕೊಂಡಳು.

ಬೇರೆಯಾಗಿ ನಡೆದವರೆಲ್ಲ ಸರಿಯೆಂದು ಶರಣರು ಕಣ್ಣುಮುಚ್ಚಿ ಒಪ್ಪಿದವರೂ ಅಲ್ಲ. ಲೋಕದ ರೂಢಿಯನ್ನೆಲ್ಲ ತೊರೆದು ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಅನುಭವಮಂಟಪದಲ್ಲಿ ಎಷ್ಟು ನಿಷ್ಠುರವಾಗಿ ಪ್ರಶ್ನಿಸಿದರೆಂಬುದನ್ನು ಶೂನ್ಯಸಂಪಾದನೆಯನ್ನು ಓದಿದವರೆಲ್ಲ ಬಲ್ಲರು. ಅಕ್ಕ ಉತ್ತರ ಕೊಟ್ಟಳು; ಸಭೆ ಆ ಉತ್ತರಕ್ಕೆ ತಲೆಬಾಗಿತು.

ಇನ್ನು ಪಂಡಿತರಿಗೆ ಈ ರೋಗವಿಲ್ಲವೆಂದು ತಿಳಿಯಬಾರದು. ಮಾನವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತದ ದೊಡ್ಡ ವಿದ್ವಾಂಸರು. ಕನ್ನಡದ ಹಾಡುಗಳೆಂದರೆ ಅವರಿಗೆ ತಾತ್ಸಾರ; ಆ ಕಾಲದ ವಿದ್ವನ್ಮಂಡಲಿಯ ರೂಢಿಯೇ ಅದು. ಚೀಕಲಪರವಿಯ ವಿಜಯದಾಸರು ಪ್ರಸಾದಕ್ಕೆ ಕರೆದಾಗ ಹೊಟ್ಟೆನೋವಿನ ನೆವ ಹೇಳಿದರೆಂದೂ, ಮುಂದೆ ಆ ನೋವೇ ನಿಜವಾಗಲು ವಿಜಯದಾಸರಲ್ಲಿಗೆ, ಅಲ್ಲಿಂದ ಅವರ ಶಿಷ್ಯ ಗೋಪಾಲದಾಸರಲ್ಲಿಗೆ ಬಂದರೆಂದೂ ಐತಿಹ್ಯವಿದೆ. ಅವರೇ ಜಗನ್ನಾಥದಾಸರಾಗಿ, ಭಾಮಿನೀ ಷಟ್ಪದಿಯಲ್ಲಿ ಹರಿಕಥಾಮೃತಸಾರವನ್ನು ರಚಿಸಿದರು. ಕನ್ನಡವನ್ನು ಕೀಳೆಂದವರ ಸಾಲಿನಲ್ಲಿಯೇ ಅವರು ಕೊನೆಯವರೆಗೆ ಕುಳಿತಿದ್ದರೆ ಕನ್ನಡಕ್ಕೆ ಆ ಗ್ರಂಥ ದೊರೆಯುತ್ತಿರಲಿಲ್ಲ. ಪಾಂಡಿತ್ಯವೂ ಒಂದು ಹಿಂಡೇ. ಅದರ ಕುರಿಗಳು ಶಾಲು ಹೊದ್ದಿರುತ್ತವೆ, ಅಷ್ಟೇ ವ್ಯತ್ಯಾಸ.

ಮನಶ್ಶಾಸ್ತ್ರಜ್ಞರೂ ಇದನ್ನು ಪ್ರಯೋಗದಿಂದ ಪರೀಕ್ಷಿಸಿದ್ದಾರೆ. 1950ರ ದಶಕದಲ್ಲಿ ಅಮೆರಿಕದ ಸಾಲೊಮನ್ ಆಶ್ ಎಂಬ ಪ್ರಾಧ್ಯಾಪಕರು ವಿದ್ಯಾರ್ಥಿಗಳಿಗೆ ಒಂದು ಗೆರೆಯನ್ನು ತೋರಿಸಿ, ಅದಕ್ಕೆ ಸಮನಾದುದನ್ನು ಮೂರು ಗೆರೆಗಳಲ್ಲಿ ಗುರುತಿಸಲು ಹೇಳಿದರು. ಎಳೆಯ ಮಗುವೂ ಹೇಳಬಲ್ಲ ಉತ್ತರ. ಆದರೆ ಗುಂಪಿನಲ್ಲಿ ಒಬ್ಬನನ್ನುಳಿದು ಮಿಕ್ಕವರೆಲ್ಲ ಮೊದಲೇ ಹೇಳಿಕೊಟ್ಟಂತೆ ತಪ್ಪು ಉತ್ತರ ಕೊಡುವವರು. ಅಂತಹ ಸಂದರ್ಭಗಳಲ್ಲಿ ಆ ಒಬ್ಬನ ಉತ್ತರಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗುಂಪಿನ ತಪ್ಪಿನೊಡನೆಯೇ ಹೋಯಿತು. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಬಾಗಿದರು. ಒಬ್ಬನು ಮಾತ್ರ ಎಂದೂ ಬಾಗಲಿಲ್ಲ. ಇದಕ್ಕಿಂತ ಬೆಲೆಯುಳ್ಳದ್ದು ಅವರ ಮುಂದಿನ ಪ್ರಯೋಗ. ಗುಂಪಿನಲ್ಲಿ ಮತ್ತೊಬ್ಬನು ಸರಿಯುತ್ತರ ಹೇಳಿದರೆ ಸಾಕು, ಬಾಗುವಿಕೆ ಬಹುಮಟ್ಟಿಗೆ ಇಳಿದುಹೋಗುತ್ತಿತ್ತು. ಉತ್ತರವನ್ನು ಬಾಯಿಂದ ಹೇಳಿಸದೆ ಗುಟ್ಟಾಗಿ ಬರೆಯಿಸಿದಾಗಲೂ ಹಾಗೆಯೇ ಆಯಿತು.

ಅಧ್ಯಾಪಕರು ಇದನ್ನು ನಾಳೆಯೇ ತರಗತಿಯಲ್ಲಿ ಮಾಡಿ ನೋಡಬಹುದು. ಪ್ರಶ್ನೆ ಕೇಳಿ, ಕೈಯೆತ್ತಿಸುವ ಮೊದಲು ಪ್ರತಿಯೊಬ್ಬರಿಂದಲೂ ಪಾಟಿಯ ಮೇಲೆ ಉತ್ತರ ಬರೆಯಿಸುವುದು. ಬೇರೆಯಾಗಿ ಬರೆದವನನ್ನು ನಗೆಪಾಟಲು ಮಾಡದೆ "ಹೇಗೆ ಬಂತು, ಹೇಳಪ್ಪಾ" ಎಂದು ಕೇಳುವುದು. ತಪ್ಪಿದ್ದರೆ ತಿದ್ದುವುದಂತೂ ಇದ್ದೇ ಇದೆ.

ಆದರೆ ಗೆರೆಗಳ ವಿಷಯಕ್ಕಿಂತ ಭಾರವಾದ ವಿಷಯಗಳು ಶಾಲೆಯ ಹೊರಗಿವೆ. ಒಂಬತ್ತನೆಯ ತರಗತಿಯ ಹುಡುಗಿ ಇದ್ದಕ್ಕಿದ್ದಂತೆ ಶಾಲೆಗೆ ಬರುವುದನ್ನು ನಿಲ್ಲಿಸುತ್ತಾಳೆ. ಮನೆಯಲ್ಲಿ ಮದುವೆಯ ಮಾತು ನಡೆದಿರುತ್ತದೆ. ಹೆಣ್ಣಿಗೆ 18 ತುಂಬದೆ ಮದುವೆ ಮಾಡಬಾರದೆಂಬ 2006ರ ಕಾಯ್ದೆಯನ್ನು ತಂದೆಯೂ ಕೇಳಿ ಬಲ್ಲನು. ಆದರೂ ಅವನ ಉತ್ತರ ಒಂದೇ: "ಓಣ್ಯಾಗ ಎಲ್ಲಾರೂ ಮಾಡ್ಯಾರ್ರೀ." ಅವನು ಕೆಟ್ಟವನಲ್ಲ, ಹತ್ತು ಮನೆಗಳ ಬಾಯಿಗೆ ಹೆದರಿದವನು. ಆ ಮನೆಯಲ್ಲಿ "ಓದುತ್ತೇನೆ" ಎನ್ನುವವಳು ಹುಡುಗಿಯೊಬ್ಬಳೇ. ತಾಯಿಗೆ ಮನಸ್ಸಿದ್ದರೂ ಬಾಯಿಲ್ಲ. ಅಂದು ಸಂಜೆ ಮಾಸ್ತರರೊಬ್ಬರು ಆ ಮನೆಯ ಕಟ್ಟೆಯ ಮೇಲೆ ಬಂದು ಕುಳಿತು, ಹುಡುಗಿಯ ಅಂಕಪಟ್ಟಿಯನ್ನು ತೆರೆದು ಮಾತಿಗೆ ತೊಡಗಿದರೆ, ತಾಯಿಯೂ ಒಳಗಿನಿಂದ ಬಾಗಿಲವರೆಗೆ ಬಂದು ನಿಲ್ಲುತ್ತಾಳೆ.