ಡಿಸ್ಕ್ ತುಂಬಿದಾಗ ಏನು ಮಾಡಬೇಕು? ಎಲ್‌ವಿಎಂ ಬಗ್ಗೆ ಒಂದು ಪಾಠ

ಕಾಮರ್ಸ್ ಓದುವವನಿಗೆ ಸರ್ವರ್ ಡಿಸ್ಕಿನ ಗೊಡವೆ ಯಾಕೆ ಎಂದು ನಮ್ಮ ತರಗತಿಯಲ್ಲೇ ಕೇಳಿದವರಿದ್ದಾರೆ. ಸ್ನೇಹಿತರೇ, ನಾಳೆ ನಾವು ಬರೆಯುವ ಲೆಡ್ಜರ್, ಬಿಲ್ಲು, ಜಿಎಸ್‌ಟಿ ಲೆಕ್ಕ ಎಲ್ಲವೂ ಯಾವುದೋ ಸರ್ವರ್‌ನ ಡಿಸ್ಕಿನಲ್ಲೇ ಇರುತ್ತವೆ. ಆ ಡಿಸ್ಕ್ ತುಂಬಿದರೆ ಹೊಸ ಎಂಟ್ರಿ ಸೇವ್ ಆಗುವುದಿಲ್ಲ. ಜಾಗ ಹೊಂದಿಸಲು ಹೋಗಿ ಕ್ರಮ ತಪ್ಪಿದರೆ ಹಳೆಯ ಎಂಟ್ರಿಗಳೂ ಹೋಗುತ್ತವೆ. ಆದ್ದರಿಂದ ಲಿನಕ್ಸ್ ಸರ್ವರ್‌ಗಳಲ್ಲಿ ಬಳಸುವ ಎಲ್‌ವಿಎಂ, ಅಂದರೆ ಲಾಜಿಕಲ್ ವಾಲ್ಯೂಮ್ ಮ್ಯಾನೇಜರ್ ಬಗ್ಗೆ ಬರೆಯುತ್ತಿದ್ದೇನೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಕಮಾಂಡಿನ ಹೆಸರನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಬೇಕು; ಹೈಫನ್‌ಗೆ ಮೊದಲು ಮಾತ್ರ ಜಾಗ ಬಿಡಬೇಕು.

ಮೊದಲು ಹಳೆಯ ಪದ್ಧತಿ. ಡಿಸ್ಕನ್ನು ಪಾರ್ಟಿಷನ್‌ಗಳಾಗಿ ಒಡೆಯುವುದು ಜಮೀನಿಗೆ ಪೋಡಿ ಮಾಡಿಸಿದ ಹಾಗೆ. ಪಹಣಿಯಲ್ಲಿ ಸರ್ವೆ ನಂಬರ್ ಜೊತೆ ಹಿಸ್ಸಾ ನಂಬರ್ ಇರುತ್ತದಲ್ಲ, ಪಾರ್ಟಿಷನ್ ಅಂದರೆ ಅದೇ ಹಿಸ್ಸಾ. (ನಮ್ಮ ಮನೆಯ ಉರ್ದುವಿನಲ್ಲೂ ಪಾಲಿಗೆ ಹಿಸ್ಸಾ ಎಂದೇ ಹೇಳುತ್ತೇವೆ. ಕಂದಾಯ ಇಲಾಖೆಯ ಕನ್ನಡ ನನಗೆ ಅರ್ಧ ಮನೆಯಲ್ಲೇ ಬಂದಿದೆ!) ಒಂದು ಹಿಸ್ಸೆಯಲ್ಲಿ ಜಾಗ ಸಾಲದಿದ್ದರೂ, ಪಕ್ಕದ ಹಿಸ್ಸೆ ಬೀಳು ಬಿದ್ದಿದ್ದರೂ, ಬೇಲಿ ದಾಟುವಂತಿಲ್ಲ.

ಎಲ್‌ವಿಎಂ ಈ ಬೇಲಿ ತೆಗೆಯುತ್ತದೆ. ಲಿನಕ್ಸಿಗೆ ಇದನ್ನು 1998ರಲ್ಲಿ ಹೈಂಜ್ ಮಾವೆಲ್ಸ್‌ಹಾಗನ್ ಬರೆದರು. ಮಾದರಿ ಎಚ್‌ಪಿ ಕಂಪನಿಯ ಯುನಿಕ್ಸಿನದು. ಇದನ್ನು ನಮ್ಮ ದ್ವಿತೀಯ ಪಿಯುಸಿಯ ಪಾಲುದಾರಿಕೆ ಅಧ್ಯಾಯದಂತೆ ನೋಡಿ. ಪ್ರತಿ ಡಿಸ್ಕ್ ಒಬ್ಬ ಪಾಲುದಾರ. ಪಿವಿಕ್ರಿಯೇಟ್ ಎಂಬ ಕಮಾಂಡ್ ಕೊಟ್ಟರೆ ಡಿಸ್ಕ್ ಪಾಲುದಾರನಾಗಲು ಸಿದ್ಧವಾಗುತ್ತದೆ. ಅದಕ್ಕೆ ಫಿಸಿಕಲ್ ವಾಲ್ಯೂಮ್ ಎಂದು ಹೆಸರು. ವಿಜಿಕ್ರಿಯೇಟ್ ಕೊಟ್ಟರೆ ಎಲ್ಲರ ಬಂಡವಾಳ ಸೇರಿ ಒಂದು ಸಂಸ್ಥೆಯಾಗುತ್ತದೆ, ಅದು ವಾಲ್ಯೂಮ್ ಗ್ರೂಪ್. ಆ ಬಂಡವಾಳದಿಂದ ಬೇಕಾದಷ್ಟನ್ನು ತೆಗೆದು ಎಲ್‌ವಿಕ್ರಿಯೇಟ್ ಮೂಲಕ ಲಾಜಿಕಲ್ ವಾಲ್ಯೂಮ್ ಮಾಡಿಕೊಳ್ಳಬಹುದು. ಆ ಜಾಗ ಯಾವ ಡಿಸ್ಕಿನಿಂದ ಬಂತು ಎಂದು ಮೇಲಿನ ಫೈಲ್‌ಗಳಿಗೆ ಗೊತ್ತೇ ಇರುವುದಿಲ್ಲ.

ಬಂಡವಾಳವನ್ನು ಎಣಿಸುವ ರೀತಿ ಮಾತ್ರ ಕಂಪನಿ ಷೇರಿನಂತೆ. ಇಡೀ ಗ್ರೂಪ್ ಒಂದೇ ಅಳತೆಯ ಎಕ್ಸ್‌ಟೆಂಟ್‌ಗಳಾಗಿ ಹಂಚಿಹೋಗಿರುತ್ತದೆ. ನಾವು ಬೇರೆ ಹೇಳದಿದ್ದರೆ ಒಂದರ ಅಳತೆ 4 ಎಂಬಿ. ಅರ್ಧ ಷೇರು ಹೇಗೆ ಸಿಗುವುದಿಲ್ಲವೋ ಹಾಗೆ ಅರ್ಧ ಎಕ್ಸ್‌ಟೆಂಟ್ ಸಿಗುವುದಿಲ್ಲ. 10 ಎಂಬಿ ಕೇಳಿದರೆ 12 ಎಂಬಿ ಕೊಡುತ್ತದೆ. 10 ಜಿಬಿ ಡಿಸ್ಕಿಗೆ 2560 ಎಕ್ಸ್‌ಟೆಂಟ್ ಬರಬೇಕು, ಆದರೆ 2559 ಮಾತ್ರ ಬರುತ್ತದೆ. ಎಲ್‌ವಿಎಂ ತನ್ನ ಸ್ವಂತ ಲೆಕ್ಕಪತ್ರವನ್ನೂ ಅದೇ ಡಿಸ್ಕಿನಲ್ಲಿ ಇಡುವುದರಿಂದ ಒಂದು ಖೋತಾ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವ ವಿಷಯ. ಲಾಜಿಕಲ್ ವಾಲ್ಯೂಮ್ ಬೇರೆ, ಫೈಲ್‌ಸಿಸ್ಟಂ ಬೇರೆ. ವಾಲ್ಯೂಮ್ ಅಂದರೆ ಗೋಡೌನ್. ಫೈಲ್‌ಸಿಸ್ಟಂ ಅಂದರೆ ಆ ಗೋಡೌನಿನ ಸ್ಟಾಕ್ ರಿಜಿಸ್ಟರ್: ಎಷ್ಟು ಕಟ್ಟೆಗಳಿವೆ, ಯಾವ ಕಟ್ಟೆಯಲ್ಲಿ ಯಾವ ಮೂಟೆ ಇದೆ ಎಂದು ಬರೆದಿಡುವುದು. ಲಿನಕ್ಸ್‌ನಲ್ಲಿ ಹೆಚ್ಚು ಬಳಕೆಯ ಫೈಲ್‌ಸಿಸ್ಟಂಗಳು ಇಎಕ್ಸ್‌ಟಿ4 ಮತ್ತು ಎಕ್ಸ್‌ಎಫ್‌ಎಸ್.

ಗೋಡೌನ್ ದೊಡ್ಡದು ಮಾಡಬೇಕೆಂದರೆ ಮೊದಲು ಗೋಡೆ ಸರಿಸಬೇಕು, ಆಮೇಲೆ ರಿಜಿಸ್ಟರಿನಲ್ಲಿ ಹೊಸ ಕಟ್ಟೆಗಳನ್ನು ಸೇರಿಸಬೇಕು. ಎಲ್‌ವಿಎಕ್ಸ್‌ಟೆಂಡ್ ಗೋಡೆ ಸರಿಸುತ್ತದೆ. ನಂತರ ಇಎಕ್ಸ್‌ಟಿ4 ಆದರೆ ರೀಸೈಜ್2ಎಫ್‌ಎಸ್, ಎಕ್ಸ್‌ಎಫ್‌ಎಸ್ ಆದರೆ ಎಕ್ಸ್‌ಎಫ್‌ಎಸ್ ಅಂಡರ್‌ಸ್ಕೋರ್ ಗ್ರೋಎಫ್‌ಎಸ್ ರಿಜಿಸ್ಟರ್ ತಿದ್ದುತ್ತದೆ. ಈ ಎರಡನೇ ಹೆಜ್ಜೆ ಬಿಟ್ಟರೆ ಏನೂ ಹಾಳಾಗುವುದಿಲ್ಲ, ಜಾಗ ಹೆಚ್ಚಿದಂತೆ ಕಾಣುವುದಿಲ್ಲ ಅಷ್ಟೆ. ಎಲ್‌ವಿಎಕ್ಸ್‌ಟೆಂಡ್ ಜೊತೆ ಹೈಫನ್ ಆರ್ ಸೇರಿಸಿದರೆ ಎರಡೂ ಒಟ್ಟಿಗೆ ಆಗುತ್ತವೆ. ಸರ್ವರ್ ನಿಲ್ಲಿಸಬೇಕಾಗಿಯೂ ಇಲ್ಲ.

ಚಿಕ್ಕದು ಮಾಡುವಾಗ ಕ್ರಮ ತಿರುಗಾಮುರುಗ. ಮೊದಲು ಮೂಟೆಗಳನ್ನು ಈಚೆಗೆ ಸರಿಸಿ ರಿಜಿಸ್ಟರ್ ಚಿಕ್ಕದು ಮಾಡಬೇಕು, ಆಮೇಲೆ ಗೋಡೆ. ರಿಜಿಸ್ಟರಿನಲ್ಲಿ 90ನೇ ಕಟ್ಟೆಯಲ್ಲಿ ಮಾಲಿದೆ ಎಂದು ಬರೆದಿರುವಾಗ 60ನೇ ಕಟ್ಟೆಗೇ ಗೋಡೆ ಎಬ್ಬಿಸಿದರೆ ಆಚೆಗಿನ ಮಾಲು ಹೋಯಿತು. ಎಲ್‌ವಿರೆಡ್ಯೂಸ್ ಮೊದಲು ಕೊಟ್ಟರೆ ಆಗುವುದು ಇದೇ. ಹೊಸ ಆವೃತ್ತಿಗಳು ಫೈಲ್‌ಸಿಸ್ಟಂ ಅಳತೆ ನೋಡಿ ತಡೆಯುತ್ತವೆ. ಹಳೆಯವು ಡೇಟಾ ಹಾಳಾಗಬಹುದು ಎಂದು ಎಚ್ಚರಿಸುತ್ತವೆ, ‘ವೈ’ ಒತ್ತಿದರೆ ಕತ್ತರಿಸಿಯೇ ಬಿಡುತ್ತವೆ. ಸರಿಯಾದ ದಾರಿ: ಫೈಲ್‌ಸಿಸ್ಟಂ ಅನ್‌ಮೌಂಟ್ ಮಾಡಿ, ಇ2ಎಫ್‌ಎಸ್‌ಸಿಕೆಯಿಂದ ತಪಾಸಣೆ ಮಾಡಿ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಕುಗ್ಗಿಸಿ, ಆಮೇಲೆ ವಾಲ್ಯೂಮ್ ಕುಗ್ಗಿಸಿ, ಕೊನೆಗೆ ಫೈಲ್‌ಸಿಸ್ಟಂ ಅನ್ನು ವಾಲ್ಯೂಮಿನ ಅಂಚಿನವರೆಗೆ ಹಿಗ್ಗಿಸುವುದು. ಇದು ಇಎಕ್ಸ್‌ಟಿ4ಗೆ ಮಾತ್ರ. ಎಕ್ಸ್‌ಎಫ್‌ಎಸ್ ಹಿಗ್ಗುತ್ತದೆ, ಕುಗ್ಗುವುದಿಲ್ಲ ಎಂದೇ ಲೆಕ್ಕ ಹಿಡಿಯಬೇಕು.

ಇದರ ಬೆಲೆ ನನಗೆ ತಿಳಿದದ್ದು ಮಾಮೂ ಲೆಕ್ಕ ಬರೆಯುವ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ. ಮಾರ್ಚ್ ಕೊನೆಯ ವಾರ, ಬಿಲ್ ಸೇವ್ ಆಗುತ್ತಿಲ್ಲ, ಹೊರಗೆ ಲಾರಿ ನಿಂತಿದೆ. ಡೇಟಾಬೇಸಿನ ವಾಲ್ಯೂಮ್ ತುಂಬಿತ್ತು, ಹೋಮ್ ಎಂಬ ವಾಲ್ಯೂಮ್ ಹೆಚ್ಚುಕಡಿಮೆ ಖಾಲಿ. “ಅಲ್ಲಿಂದ ಕಿತ್ತು ಇಲ್ಲಿಗೆ ಹಾಕಪ್ಪ” ಎಂದು ಸಾಹುಕಾರರು ಅವಸರ ಮಾಡಿದರು. ಸರ್ವರ್ ನೋಡಿಕೊಳ್ಳುವ ಭಾಯಿ ಒಪ್ಪಲಿಲ್ಲ. ಹೋಮ್ ಎಕ್ಸ್‌ಎಫ್‌ಎಸ್ ಆಗಿತ್ತು. “ಪೈಲೇ ಬ್ಯಾಕಪ್, ಬಾಕಿ ಸಬ್ ಬಾದ್ ಮೇಂ,” ಮೊದಲು ಬ್ಯಾಕಪ್, ಉಳಿದದ್ದೆಲ್ಲ ಆಮೇಲೆ, ಎಂದು ಮಾಮೂಗೆ ಹೇಳಿ ಬ್ಯಾಕಪ್‌ಗೆ ಕೂತರು. ಅದಕ್ಕೇ ಒಂದೂವರೆ ಗಂಟೆ ಹಿಡಿಯಿತು. ನಂತರ ಖಾಲಿ ಸ್ಲಾಟ್‌ಗೆ ಹೊಸ ಡಿಸ್ಕ್ ತಳ್ಳಿ ಪಿವಿಕ್ರಿಯೇಟ್, ವಿಜಿಎಕ್ಸ್‌ಟೆಂಡ್, ಎಲ್‌ವಿಎಕ್ಸ್‌ಟೆಂಡ್ ಹೈಫನ್ ಆರ್. ಹೊಸ ಪಾಲುದಾರನ ಸೇರ್ಪಡೆ ಎರಡು ನಿಮಿಷದಲ್ಲಿ ಮುಗಿಯಿತು. ಗುಡ್‌ವಿಲ್ ಲೆಕ್ಕ ಇಲ್ಲದಿರುವುದರಿಂದ ನಮ್ಮ ಪರೀಕ್ಷೆಯ ಸೇರ್ಪಡೆಗಿಂತ ಸುಲಭ!

ಡಿಸ್ಕ್ ತುಂಬಿದೆ ಎಂಬ ಸಂದೇಶವನ್ನೂ ಪೂರ್ತಿ ನಂಬಬಾರದು. ಡಿಎಫ್ ಹೈಫನ್ ಎಚ್ ಜಾಗ ಉಳಿದಿದೆ ಎಂದು ತೋರಿಸುತ್ತಿದ್ದರೂ ಅದೇ ಸಂದೇಶ ಬಂದರೆ ಡಿಎಫ್ ಹೈಫನ್ ಐ ಕೊಟ್ಟು ನೋಡಿ. ಇಎಕ್ಸ್‌ಟಿ4ನಲ್ಲಿ ಎಷ್ಟು ಫೈಲ್ ಇಡಬಹುದು ಎಂಬುದಕ್ಕೆ ಮೊದಲೇ ಮಿತಿ ಇರುತ್ತದೆ. ಲಕ್ಷಾಂತರ ಚಿಕ್ಕ ಫೈಲ್‌ಗಳು ಸೇರಿದರೆ ರಿಜಿಸ್ಟರಿನ ಸಾಲುಗಳೇ ಮುಗಿಯುತ್ತವೆ, ಗೋಡೌನ್ ಖಾಲಿ ಇದ್ದರೂ.

ಪಾಲುದಾರನ ನಿವೃತ್ತಿಗೂ ದಾರಿ ಇದೆ. ಡಿಸ್ಕ್ ಹಳೆಯದಾದರೆ ಪಿವಿಮೂವ್ ಕೊಟ್ಟು ಅದರ ಎಕ್ಸ್‌ಟೆಂಟ್‌ಗಳನ್ನು ಬೇರೆ ಡಿಸ್ಕಿಗೆ ಸಾಗಿಸಬಹುದು. ಆಗಲೂ ಕೆಲಸ ನಡೆಯುತ್ತಲೇ ಇರುತ್ತದೆ. ಆಮೇಲೆ ವಿಜಿರೆಡ್ಯೂಸ್ ಮಾಡಿ ಬಿಡುಗಡೆ. ಮರಣದ ಲೆಕ್ಕ ಬೇರೆ. ಒಂದು ವಾಲ್ಯೂಮ್ ಎರಡು ಡಿಸ್ಕ್‌ಗಳ ಮೇಲೆ ಹರಡಿದ್ದು, ಒಂದು ಡಿಸ್ಕ್ ಇದ್ದಕ್ಕಿದ್ದಂತೆ ಸತ್ತರೆ ಆ ಫೈಲ್‌ಸಿಸ್ಟಂ ಪೂರ್ತಿ ಮುರಿಯುತ್ತದೆ. ಪಾಲುದಾರಿಕೆಯಲ್ಲಿ ಹೊಣೆ ಅಪರಿಮಿತ ಎಂದು ನಾವು ಓದುವುದು ಇಲ್ಲಿಗೂ ಹೊಂದುತ್ತದೆ. ಡಿಸ್ಕ್ ಹೆಚ್ಚಿಸಿದಷ್ಟೂ ಅಪಾಯ ಹೆಚ್ಚು. ಪ್ರತಿ ಬರಹವೂ ಎರಡು ಡಿಸ್ಕಿಗೆ ಹೋಗುವ ರೇಡ್ 1ನಂತಹ ವ್ಯವಸ್ಥೆ ಇದ್ದರೆ ಒಂದು ಡಿಸ್ಕಿನ ಸಾವನ್ನು ತಡೆದುಕೊಳ್ಳಬಹುದು.

ಸ್ನ್ಯಾಪ್‌ಶಾಟ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಅದು ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಡುತ್ತದೆ, ಬ್ಯಾಕಪ್ ತೆಗೆಯುವಾಗ ಬಹಳ ಉಪಯುಕ್ತ. ಆದರೆ ಅದು ಇರುವುದು ಅದೇ ಗ್ರೂಪಿನಲ್ಲಿ. 2 ಜಿಬಿ ಸ್ನ್ಯಾಪ್‌ಶಾಟ್ ಇಟ್ಟು, ಮೂಲದಲ್ಲಿ ಅದಕ್ಕಿಂತ ಹೆಚ್ಚು ಬದಲಾವಣೆ ಆದರೆ ಸ್ನ್ಯಾಪ್‌ಶಾಟ್ ಅಸಿಂಧುವಾಗುತ್ತದೆ.

ಕಲಿಯಬೇಕೆನ್ನುವವರು ಮನೆಯ ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಲಿನಕ್ಸ್ ಇನ್‌ಸ್ಟಾಲ್ ಮಾಡಿ, 10 ಜಿಬಿಯ ಎರಡು ಸುಳ್ಳು ಡಿಸ್ಕ್ ಸೇರಿಸಿಕೊಳ್ಳಿ. ಒಂದರ ಮೇಲೆ ವಾಲ್ಯೂಮ್ ಮಾಡಿ ಫೈಲ್ ಇಡಿ, ಇನ್ನೊಂದನ್ನು ಗ್ರೂಪಿಗೆ ಸೇರಿಸಿ, ಪಿವಿಮೂವ್ ಮಾಡಿ, ಮೊದಲನೆಯದನ್ನು ಕಿತ್ತುಹಾಕಿ, ಫೈಲ್ ತೆರೆಯುತ್ತದೆಯೇ ನೋಡಿ. ಕಾಲೇಜಿನ ಲ್ಯಾಬಿನಲ್ಲಿ ಮಾಡುವುದಾದರೆ ಮೊದಲು ಸರ್ ಅವರನ್ನು ಕೇಳಿಕೊಳ್ಳಿ.