ಎಸ್‌ಪಿಟಿ: ಅಡಿಪಾಯಕ್ಕೆ ಮುನ್ನ ಮಣ್ಣಿನ ಪರೀಕ್ಷೆ (ಜೆಇ/ಎಇ ಟಿಪ್ಪಣಿ)

1. ಪೂರ್ಣ ರೂಪ: ಸ್ಟ್ಯಾಂಡರ್ಡ್ ಪೆನೆಟ್ರೇಷನ್ ಟೆಸ್ಟ್. ಸಂಹಿತೆ: ಐಎಸ್ 2131 (1981).

2. ಸುತ್ತಿಗೆ 63.5 ಕೆ.ಜಿ., ಬೀಳುವ ಎತ್ತರ 75 ಸೆಂ.ಮೀ. ಸ್ಪ್ಲಿಟ್ ಸ್ಪೂನ್ ಹೊರವ್ಯಾಸ 50.8 ಮಿ.ಮೀ., ಒಳವ್ಯಾಸ 35 ಮಿ.ಮೀ.

3. ಎನ್ ಮೌಲ್ಯ: ರಾಡ್ ಮೇಲೆ ಸೀಮೆಸುಣ್ಣದಲ್ಲಿ 15 ಸೆಂ.ಮೀ.ಗೊಂದರಂತೆ ಮೂರು ಭಾಗ ಗುರುತಿಸಿ ಏಟು ಎಣಿಸುತ್ತಾರೆ. ಮೊದಲ 15 ಸೆಂ.ಮೀ. ಲೆಕ್ಕಕ್ಕಿಲ್ಲ, ಕೊರೆದ ರಂಧ್ರದ ತಳದ ಮಣ್ಣು ಕದಡಿರುತ್ತದೆ. ಏಟುಗಳು 7, 12, 15 ಆದರೆ ಎನ್ = 27. ಮೂರನ್ನೂ ಕೂಡಿಸಿ 34 ಎಂದು ಬರೆದು ಅಂಕ ಕಳೆದುಕೊಳ್ಳುವವರೇ ಹೆಚ್ಚು, ಎಚ್ಚರ!

4. ತಿದ್ದುಪಡಿಯ ಕ್ರಮ (ಪದೇ ಪದೇ ಕೇಳುವ ಪ್ರಶ್ನೆ): ಮೊದಲು ಮೇಲ್ಮಣ್ಣಿನ ಭಾರದ್ದು, ಆಮೇಲೆ ಡೈಲೇಟೆನ್ಸಿಯದ್ದು. ಎರಡನೆಯದು ನೀರು ತುಂಬಿದ ನುಣ್ಣನೆಯ ಮರಳು, ಹೂಳಿಗೆ ಮಾತ್ರ. ಅದೂ ಮೌಲ್ಯ 15 ದಾಟಿದರೆ.
ಸೂತ್ರ: 15 + ½(ಎನ್ − 15). ಮೊದಲ ತಿದ್ದುಪಡಿಯ ನಂತರ 27 ಇದ್ದದ್ದು 21 ಆಗುತ್ತದೆ.

5. ಮರಳು (ಎನ್ ಮೌಲ್ಯದ ಪ್ರಕಾರ): 4ರೊಳಗೆ ಅತಿ ಸಡಿಲ, 4–10 ಸಡಿಲ, 10–30 ಮಧ್ಯಮ, 30–50 ದಟ್ಟ, 50 ಮೀರಿದರೆ ಅತಿ ದಟ್ಟ.

6. ಗೊಂದಲ ಬೇಡ: ಎಸ್‌ಪಿಟಿಯಲ್ಲಿ ಮಣ್ಣಿನ ಮಾದರಿ ಸಿಗುತ್ತದೆ, ಆದರೆ ಕದಡಿದ್ದು. ಕೋನ್ ಪರೀಕ್ಷೆಯಲ್ಲಿ (ಐಎಸ್ 4968) ಮಾದರಿಯೇ ಸಿಗದು.