ಯಾರನ್ನು ಕೇಳಿದರು, ಪಕ್ಕದಲ್ಲಿ ಯಾರಿದ್ದರು?

ಮಕ್ಕಳೇ, ನಮ್ಮ ಕನ್ನಡ ಸಂಘದ ಕಾರ್ಯಕ್ರಮ ಮುಗಿದ ಮೇಲೆ ಚಹಾದ ಲೋಟ ಹಿಡಿದು ನೀವು ಜಗಳಕ್ಕೆ ಬೀಳುವುದನ್ನು ನೋಡುತ್ತಿರುತ್ತೇನೆ. ಹೆಂಡತಿಯರೂ ಗಂಡಂದಿರಷ್ಟೇ ಹೊಡೆಯುತ್ತಾರಂತೆ, ಅಮೆರಿಕದಲ್ಲಿ ಸರ್ವೆಯೇ ಆಗಿದೆ ಎನ್ನುತ್ತಾನೆ ಒಬ್ಬ. ಗಂಡಸಿಗೆ ಏಟು ಬೀಳುವುದುಂಟೇ, ಎಲ್ಲ ನಾಟಕ ಎನ್ನುತ್ತಾಳೆ ಇನ್ನೊಬ್ಬಳು. ಇಬ್ಬರ ಮೊಬೈಲಿನಲ್ಲೂ ಅಂಕಿಗಳಿವೆ. ಜಗಳ ಆಡಿ, ಬೇಡ ಅನ್ನುವುದಿಲ್ಲ. ಆದರೆ ಒಂದು ಅಂಕಿ ಎತ್ತುವ ಮೊದಲು ಯಾರನ್ನು ಕೇಳಿದರು, ಏನು ಕೇಳಿದರು, ಆಗ ಪಕ್ಕದಲ್ಲಿ ಯಾರು ಕೂತಿದ್ದರು ಎಂದು ವಿಚಾರಿಸಿ.

ನಾನು ಮುಂಬೈ ಪಾಲಿಕೆಯ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಳಾದವಳು. ಸುಟ್ಟುಕೊಂಡು ಬಂದ ಹೆಂಗಸರ ಕೇಸ್ ಪೇಪರಿನಲ್ಲಿ ‘ಸ್ಟವ್ ಸಿಡಿದು’ ಎಂದು ಬರೆಯುವುದನ್ನು ಎಷ್ಟು ಸಲ ಕಂಡಿದ್ದೇನೋ. ಪಂಪ್ ಸ್ಟವ್ ಸಿಡಿಯುವುದು ಸುಳ್ಳಲ್ಲ. ಆದರೆ ಗಂಡನೋ ಅತ್ತೆಯೋ ಮಂಚದ ಪಕ್ಕದಲ್ಲೇ ನಿಂತಿರುವಾಗ ಅವಳು ಬೇರೇನು ಹೇಳಿಯಾಳು? 2009ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, 2001ರ ಒಂದೇ ವರ್ಷದಲ್ಲಿ ದೇಶದಲ್ಲಿ 1,63,000 ಮಂದಿ ಬೆಂಕಿಗೆ ಸತ್ತರು ಎಂದು ಅಂದಾಜು ಮಾಡಿತು. ಪೊಲೀಸರ ಲೆಕ್ಕಕ್ಕಿಂತ ಆರು ಪಟ್ಟು! ಅವರಲ್ಲಿ 1,06,000 ಹೆಂಗಸರು, ಹೆಚ್ಚಿನವರು 15ರಿಂದ 34 ವಯಸ್ಸಿನವರು. ಅವೆಲ್ಲ ಕೊಲೆಗಳೇ ಎಂದು ನಾನು ಹೇಳುತ್ತಿಲ್ಲ. ಠಾಣೆಯ ಪುಸ್ತಕಕ್ಕೂ ಸುಡುವ ಮೈಗೂ ನಡುವೆ ಇಷ್ಟು ದೂರ ಇರಬಹುದು ಎನ್ನುತ್ತಿದ್ದೇನೆ, ಅಷ್ಟೆ. ಇನ್ನು ಏಟು ತಿಂದು ಠಾಣೆಗೆ ಹೋದವಳ ದೂರನ್ನು ಎಫ್‌ಐಆರ್ ಮಾಡದೆ ‘ಎನ್‌ಸಿ’ ಬರೆದು ಕಳಿಸಿಬಿಟ್ಟರೆ, ಗಂಡನ ಕ್ರೌರ್ಯದ ವಾರ್ಷಿಕ ಪಟ್ಟಿಯಲ್ಲಿ ಅವಳು ಸಿಗುವುದಿಲ್ಲ.

ಹಾಗಾದರೆ ಮನೆಮನೆಗೆ ಹೋಗಿ ಕೇಳೋಣ ಅಂದರೆ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳುತ್ತದೆ. ಒಂದು ಮನೆಯಲ್ಲಿ ಒಬ್ಬಳೇ ಹೆಂಗಸನ್ನು, ಯಾರೂ ಇಲ್ಲದಾಗ ಕೇಳಬೇಕು, ಏಕಾಂತ ಸಿಗದಿದ್ದರೆ ಆ ಪ್ರಶ್ನೆಗಳನ್ನೇ ಬಿಡಬೇಕು ಎಂಬುದು ಅವರ ನಿಯಮ. ಒಳ್ಳೆಯ ನಿಯಮ. ಆದರೆ ನಮ್ಮ ಭಾಂಡುಪ್, ಧಾರಾವಿಯ ಖೋಲಿಯಲ್ಲಿ ಏಕಾಂತ ಎಲ್ಲಿಂದ ತರುವುದು? ಪರದೆಯ ಆಚೆಗೇ ಅತ್ತೆ ಅಕ್ಕಿ ಆರಿಸುತ್ತಿರುತ್ತಾಳೆ.

ನಮ್ಮ ತವರಿನ ಲೆಕ್ಕವನ್ನೇ ನೋಡಿ. ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಹೆಂಗಸರು ಕರ್ನಾಟಕದಲ್ಲಿ 2015-16ರಲ್ಲಿ ನೂರಕ್ಕೆ 20.6, ಮುಂದಿನ ಸಮೀಕ್ಷೆಯಲ್ಲಿ 44.4. ಲಾಕ್‌ಡೌನ್ ಕಾರಣ ಎನ್ನಲು ಬರುವುದಿಲ್ಲ, ಕರ್ನಾಟಕದಲ್ಲಿ ಆ ಸಮೀಕ್ಷೆ 2019ರಲ್ಲೇ ಮುಗಿದಿತ್ತು. ನಾಲ್ಕೇ ವರ್ಷದಲ್ಲಿ ಅಲ್ಲಿನ ಗಂಡಸರು ಎರಡು ಪಟ್ಟು ಕೆಟ್ಟರೇ? ನನಗೆ ನಂಬಿಕೆಯಿಲ್ಲ. ಕೇಳಿದವರ ರೀತಿಯೂ, ಹೇಳುವ ಧೈರ್ಯವೂ ಬದಲಾಗಿರಬೇಕು ಎಂಬುದು ನನ್ನ ಊಹೆ. ಅಂಥ ಧೈರ್ಯ ಎಷ್ಟು ಕಡಿಮೆ ಎನ್ನುವುದಕ್ಕೂ ಅದೇ ಸಮೀಕ್ಷೆಯಲ್ಲಿ ಸಾಕ್ಷಿಯಿದೆ: ದೇಶದಲ್ಲಿ ಪೆಟ್ಟು ತಿಂದ ಹೆಂಗಸರಲ್ಲಿ ನೂರಕ್ಕೆ 77 ಮಂದಿ ಯಾರಿಗೂ ಹೇಳಿಲ್ಲ, ಸಹಾಯವನ್ನೂ ಕೇಳಿಲ್ಲ.

ಇನ್ನು ಆ ಅಮೆರಿಕದ ಸರ್ವೆ. ಮರ್ರೆ ಸ್ಟ್ರಾಸ್ ಎಂಬ ಸಮಾಜಶಾಸ್ತ್ರಜ್ಞ 1979ರಲ್ಲಿ ಪ್ರಕಟಿಸಿದ ಅಳತೆಗೋಲು ಅದರ ಹಿಂದಿದೆ. ತಳ್ಳಿದಿರಾ, ಕೆನ್ನೆಗೆ ಬಾರಿಸಿದಿರಾ, ವರ್ಷದಲ್ಲಿ ಎಷ್ಟು ಸಲ ಎಂದು ಗಂಡು ಹೆಣ್ಣು ಇಬ್ಬರನ್ನೂ ಕೇಳುವುದು. ಹಾಗೆ ಎಣಿಸಿದಾಗ ಇಬ್ಬರೂ ಹತ್ತಿರ ಹತ್ತಿರ ಬಂದರು. ಆದರೆ ಮೊದಲು ಕೈಯೆತ್ತಿದವರು ಯಾರು, ಮೂಳೆ ಮುರಿದದ್ದು ಯಾರದು ಎಂಬುದು ಆ ಮೊದಲ ಪಟ್ಟಿಯಲ್ಲಿ ಇರಲಿಲ್ಲ. ಗಾಯದ ಪ್ರಶ್ನೆ ಸೇರಿದ್ದು 1996ರಲ್ಲಿ. ಸಿಟ್ಟಿನಲ್ಲಿ ಒಬ್ಬರಿಗೊಬ್ಬರು ಕೈಮಾಡುವುದೇ ಬೇರೆ, ಒಬ್ಬರು ಇನ್ನೊಬ್ಬರನ್ನು ಹೆದರಿಸಿ ಹಿಡಿತದಲ್ಲಿ ಇಟ್ಟುಕೊಳ್ಳುವುದೇ ಬೇರೆ ಎಂದು ಮೈಕೆಲ್ ಜಾನ್ಸನ್ 1995ರಲ್ಲಿ ಬಿಡಿಸಿ ಹೇಳಿದ. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಮುಳ್ಳು ನಡುವೆಯೇ ನಿಲ್ಲುತ್ತದೆ. ಸಂಬಳದ ಎಟಿಎಂ ಕಾರ್ಡು ಕಿತ್ತಿಟ್ಟುಕೊಂಡವನು ಬಾರಿಸಿದ್ದು ಒಂದೇ ಸಲ ಇರಬಹುದು, ಅವಳ ಹೆದರಿಕೆ ವರ್ಷವಿಡೀ ಇರುತ್ತದೆ.

ಹುಡುಗಿಯರೇ, ನಿಮಗೂ ಒಂದು ಮಾತು. ನಮ್ಮ ಸಮೀಕ್ಷೆ ಗಂಡನಿಗೆ ಪೆಟ್ಟು ಬಿದ್ದಿದೆಯೇ ಎಂದು ಗಂಡಸರನ್ನು ಕೇಳುವುದೇ ಇಲ್ಲ. ಅವನು ಹೊಡೆಯದಿದ್ದಾಗಲೂ ನೀವು ಹೊಡೆದದ್ದುಂಟೇ ಎಂದು ಹೆಂಗಸರನ್ನೇ ಕೇಳುತ್ತದೆ. ನೂರಕ್ಕೆ ಸುಮಾರು ನಾಲ್ವರು ಹೌದು ಎಂದರು. ಗಂಡನ ಕೈಯಿಂದ ಪೆಟ್ಟು ತಿಂದೆವು ಎಂದವರು 28. ಅಂತರ ದೊಡ್ಡದು, ಆದರೆ ನಾಲ್ಕು ಸೊನ್ನೆಯಲ್ಲ. ಹೆಂಗಸು ಹಿಂಸಿಸಲಾರಳು ಎಂದು ಕಾನೂನೂ ಹೇಳುವುದಿಲ್ಲ: ಮುಂಬೈಯ ತಾಯಿ-ಮಗಳು ಹೂಡಿದ ದಾವೆಯಲ್ಲಿ 2016ರಲ್ಲಿ ಸುಪ್ರೀಂ ಕೋರ್ಟು 2005ರ ಕೌಟುಂಬಿಕ ಹಿಂಸೆ ಕಾಯ್ದೆಯಿಂದ ‘ವಯಸ್ಕ ಪುರುಷ’ ಎಂಬ ಮಾತನ್ನು ತೆಗೆದುಹಾಕಿತು, ಈಗ ಸೊಸೆಯ ಮೇಲೂ ದೂರು ನಡೆಯುತ್ತದೆ.

ಹುಡುಗರೇ, ಆತ್ಮಹತ್ಯೆಯ ಅಂಕಿಯನ್ನು ಉತ್ತರವೆಂದು ಎಸೆಯಬೇಡಿ. 2022ರಲ್ಲಿ ದೇಶದಲ್ಲಿ ಹಾಗೆ ಜೀವ ಕಳೆದುಕೊಂಡವರಲ್ಲಿ 1,22,724 ಮಂದಿ ಗಂಡಸರು, ನಿಜ. ಆದರೆ ಕಾರಣಗಳ ಸರ್ಕಾರಿ ಪಟ್ಟಿಯಲ್ಲಿನ ‘ಕೌಟುಂಬಿಕ ಸಮಸ್ಯೆ’ ಎಂದರೆ ಹೆಂಡತಿಯ ಹೊಡೆತ ಎಂದು ಎಲ್ಲೂ ಬರೆದಿಲ್ಲ.

ಪಕ್ಕದ ಮನೆಯವಳು ಬಾತ್‌ರೂಮಿನಲ್ಲಿ ಜಾರಿದೆ ಎಂದರೆ ಎಲ್ಲರೆದುರು ಕೆದಕಬೇಡಿ. ಒಬ್ಬಳೇ ಸಿಕ್ಕಾಗ ಕೇಳಿ. ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಪಾಲಿಕೆ ಮತ್ತು ಸೆಹತ್ ಸಂಸ್ಥೆ ಸೇರಿ ಹಿಂಸೆಗೊಳಗಾದ ಹೆಂಗಸರಿಗಾಗಿ ಶುರುಮಾಡಿದ ‘ದಿಲಾಸಾ’ ಕೇಂದ್ರವಿದೆ, ಈಗ ಬೇರೆ ಆಸ್ಪತ್ರೆಗಳಲ್ಲೂ ಇದೆ. ಜ್ವರಕ್ಕೆ ಔಷಧಿ ತರುತ್ತೇನೆ ಎಂದು ಹೇಳಿ ಅವಳು ಮನೆಯಿಂದ ಹೊರಡಬಹುದು. ಮಹಿಳಾ ಸಹಾಯವಾಣಿ 181ಕ್ಕೆ ಫೋನೂ ಮಾಡಬಹುದು. ಏಟು ತಿಂದವನು ನಿಮ್ಮ ಗೆಳೆಯನಾಗಿದ್ದರೆ ನಗಬೇಡಿ. ಗಾಯಗೊಳಿಸಿದ್ದಕ್ಕೆ ಕಾನೂನಿನ ಕಲಮು ಅವನಿಗೂ ಇದೆ, ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ 14416 ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ, ಎಂಎಲ್‌ಸಿ ಎಂಬ ಪೊಲೀಸ್ ಕೇಸಿನ ವೈದ್ಯಕೀಯ ದಾಖಲೆ ಮಾಡಿಸಿ, ಹೇಗಾಯಿತು ಎಂದು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಬರೆಸಲು ಹೇಳಿ.